ಊಟ ಬಡಿಸಿಯೇ ಊಟ ತಪ್ಪಿಸಿಕೊಂಡವಳು

ಔತಣದ ಅಡಿಗೆಗೆಂದು ಫು ಮೇಸ್ತ್ರಿ ರಸ್ತೆಗೆ ಅಡ್ಡ ಟೆಂಟು ಹೊಡೆಸಿ ಒಲೆ ಹಚ್ಚಿದನೆಂದರೆ ತೈವಾನಿನ ಕಾವ್‌ಶ್ಯುಂಗ್ ಬಂದರಿನಲ್ಲಿ ನಿಂತ ಹಡಗುಗಳು ಕೂಡ ಮೂತಿಯನ್ನು ನಮ್ಮ ನೇಮೆನ್ ಬೆಟ್ಟಗಳ ಕಡೆಗೆ ತಿರುಗಿಸಿಕೊಳ್ಳುತ್ತಿದ್ದವು. ನೇಮೆನ್ನಿನಲ್ಲಿ ಬಾಣಸಿಗರಿಗೇನೂ ಬರವಿಲ್ಲ. ಕಣ್ಣು ಮುಚ್ಚಿ ಒಂದು ಕಲ್ಲೆಸೆದರೆ ಅದು ಯಾವನೋ ಒಬ್ಬನ ಬಾಣಲೆಗೆ ಬಿದ್ದು ಠಣ್ಣೆನ್ನುತ್ತದೆ. ಆದರೆ ಫು ಮೇಸ್ತ್ರಿಯ ಸಾರಿನ ಹಬೆ ಎದ್ದಿತೆಂದರೆ, ಶವದ ಮುಂದೆ ಊದುತ್ತ ಹೋಗುವ ಬ್ಯಾಂಡಿನವರೂ ತಾಳ ತಪ್ಪುತ್ತಿದ್ದರು. ರಸ್ತೆ ಯಾಕೆ ಮುಚ್ಚಿದ್ದೀರೆಂದು ಗದರಲು ಬಂದ ಪೊಲೀಸರು ಹನ್ನೆರಡನೆಯ ತಿನಿಸು ಮುಗಿಯುವವರೆಗೆ ಕೆಂಪು ಪ್ಲಾಸ್ಟಿಕ್ ಸ್ಟೂಲು ಬಿಟ್ಟು ಏಳಲಿಲ್ಲ. ಎದ್ದಾಗ ಉಳಿದದ್ದನ್ನು ಕವರಿಗೆ ಕಟ್ಟಿಸಿಕೊಂಡು, ಮುಂದಿನ ವಾರ ಯಾವ ರಸ್ತೆ ಮುಚ್ಚುತ್ತೀರೆಂದು ವಿಚಾರಿಸಿಕೊಂಡು ಹೋದರು.

ಇಂಥ ಮೇಸ್ತ್ರಿಗೆ ಒಬ್ಬಳೇ ಮಗಳು, ಆಯೆನ್. ಅಪ್ಪ ಸಾರಿನಲ್ಲಿ ಹೇಗೋ ಮಗಳು ತಟ್ಟೆ ಹೊರುವುದರಲ್ಲಿ ಹಾಗೆ. ಅಂಗೈಯಿಂದ ಭುಜದವರೆಗೆ ತಟ್ಟೆಗಳನ್ನು ಮೀನಿನ ಹುರುಪೆಯ ಹಾಗೆ ಜೋಡಿಸಿಕೊಂಡು ಹೊರಡುತ್ತಿದ್ದಳು. ಒಮ್ಮೆ ಚಂಡಮಾರುತದ ಬಾಲ ತಗುಲಿ ಟೆಂಟು ಪಕ್ಕದ ಊರಿಗೆ ಹಾರಿಹೋಯಿತು. ಆಯೆನ್ ಕೈಯ ಮೇಲಿನ ಏಡಿಯ ಒಂದು ಮೀಸೆಯೂ ಅಲುಗಲಿಲ್ಲ. ಲಾರಿಯ ಮೇಲಿನ ವೇದಿಕೆಯಲ್ಲಿ ಹಾಡುವವಳು ಒಂದು ಹಾಡು ಮುಗಿಸುವಷ್ಟರಲ್ಲಿ ಇವಳು ಇಡೀ ಬೀದಿಗೆ ಮೀನು ಹಂಚಿ, ಬರಿದಾದ ತಟ್ಟೆ ಎತ್ತಿ, ಅಳುವ ಮಗುವೊಂದರ ಮೂಗು ಒರೆಸಿ ವಾಪಸು ಬಂದಿರುತ್ತಿದ್ದಳು.

ಅವಳು ಉಂಡದ್ದನ್ನು ಮಾತ್ರ ಯಾರೂ ಕಂಡಿರಲಿಲ್ಲ. ಕಂಡಿಲ್ಲವೆಂಬುದೂ ಯಾರಿಗೂ ಹೊಳೆದಿರಲಿಲ್ಲ.

ಹೊಳೆಯುವುದಾದರೂ ಹೇಗೆ? ಕೊನೆಯ ಮೇಜಿಗೆ ಕೊನೆಯ ಸಿಹಿ ಹೋಗುವವರೆಗೆ ಒಲೆಯ ಕಡೆಯವರು ತಿನ್ನುವ ಹಾಗಿಲ್ಲ, ಅದು ನಮ್ಮ ಕಸುಬಿನ ಕಟ್ಟಳೆ. ಆಮೇಲೆ ಉಳಿದಬಳಿದದ್ದನ್ನೆಲ್ಲ ಒಂದೇ ಹಂಡೆಗೆ ಸುರಿದು ಕುದಿಸಿದ ಉಳಿಕೆ ಸಾರಿನ ಸುತ್ತ ಕೂತು ಎಲ್ಲರೂ ಉಣ್ಣುವುದು. ಆ ಹೊತ್ತಿಗೆ ಆಯೆನ್ ಮೇಜುಬಟ್ಟೆ ಕೊಡವುತ್ತಲೋ ಸ್ಟೂಲುಗಳನ್ನು ಲಾರಿಗೆ ಏರಿಸುತ್ತಲೋ ಇರುತ್ತಿದ್ದಳು. ಕರೆದರೆ, ನೀವು ಶುರು ಮಾಡಿ, ಬಂದೆ ಅನ್ನುವಳು. ತನ್ನ ತಂಗಿಯ ಮನೆಯಲ್ಲಿ ಉಂಡಿರುತ್ತಾಳೆಂದು ಅಪ್ಪ ಅಂದುಕೊಂಡ, ಅಪ್ಪನ ಜೊತೆ ಉಂಡಿರುತ್ತಾಳೆಂದು ಆ ಅತ್ತೆ ಅಂದುಕೊಂಡಳು. ಊರಿನ ಗಂಡುಮಕ್ಕಳ ತಾಯಂದಿರು ಅವಳ ದುಡಿಮೆಯನ್ನು ಕಂಡು ಬಾಯಿ ಚಪ್ಪರಿಸಿದರು. ಅನ್ನ ನಿದ್ರೆ ಬೇಡದ ಸೊಸೆ ನಮಗೂ ಒಬ್ಬಳು ಸಿಗಲಿ ಎಂದು ದೇವರಿಗೆ ಊದುಬತ್ತಿ ಹಚ್ಚಿದವರೂ ಇದ್ದರು.

ಶುರುವಾದದ್ದು ಬಹಳ ಸಣ್ಣದರಿಂದ. ಆಯೆನ್ ಶಾಲೆಗೆ ಹೋಗುತ್ತಿದ್ದಾಗ, ನೆಂಟರ ಮನೆಯ ನಿಶ್ಚಿತಾರ್ಥದಲ್ಲಿ, ಅತಿಥಿಗಳ ಮೇಜಿನಲ್ಲೇ ಕೂತು ಕೋಳಿಯ ಕಾಲೊಂದನ್ನು ಕಚ್ಚುತ್ತಿದ್ದಳು. ಯಾರೋ ಫೋನೆತ್ತಿ ಫೋಟೋ ತೆಗೆದರು. ಮೇಜಿನ ಆಚೆ ಕೂತ ನೆಂಟನೊಬ್ಬ, ಮೇಸ್ತ್ರಿ ಹನ್ನೆರಡು ತಿನಿಸು ಮಾಡಿದಾನೆ, ಇದು ಹದಿಮೂರನೇದು ನೋಡಿ, ಚೆನ್ನಾಗಿ ಕೊಬ್ಬಿದೆ ಅಂದ. ಮೇಜೆಲ್ಲ ನಕ್ಕಿತು, ಆಯೆನ್ ಕೂಡ ನಕ್ಕಳು. ಆಡಿದವನು ಮುಂದಿನ ತಿನಿಸು ಬರುವಷ್ಟರಲ್ಲಿ ಅದನ್ನು ಮರೆತ.

ಮುಂದಿನ ಸಮಾರಂಭದಲ್ಲಿ ಅವಳು ಮೇಜಿಗೆ ಕೂತಾಗ ಎದೆ ಡೋಲು ಬಾರಿಸತೊಡಗಿತು. ಬೀದಿಯಲ್ಲಿದ್ದ ಎಲ್ಲರ ಕಣ್ಣೂ ತನ್ನ ಚಾಪ್‌ಸ್ಟಿಕ್ಕಿನ ತುದಿಯಲ್ಲೇ ನೆಟ್ಟಿದೆ ಅನ್ನಿಸಿತು. ಅಷ್ಟರಲ್ಲಿ ಒಲೆಯ ಕಡೆಯಿಂದ ಅಪ್ಪ, ಯಾರಾದ್ರೂ ಈ ತಟ್ಟೆ ಹಿಡೀರೋ ಎಂದು ಕೂಗಿದ. ಆಯೆನ್ ಎದ್ದು ಹೋಗಿ ತಟ್ಟೆ ಹಿಡಿದಳು. ಹಿಡಿದ ಗಳಿಗೆಗೇ ಡೋಲು ನಿಂತಿತು. ಆ ನಿರಾಳ ಎಷ್ಟು ಸಿಹಿಯಾಗಿತ್ತೆಂದರೆ ಅಪ್ಪನ ಕೆಸುವಿನ ಗಡ್ಡೆಯ ಪಾಯಸ ಅದರ ಮುಂದೆ ಬರೀ ಗಂಜಿ. ಮೇಲಿಂದ, ಮೇಸ್ತ್ರಿ ಮಗಳು ನೋಡಿ, ಉಣ್ಣೋದು ಬಿಟ್ಟು ಕೆಲಸಕ್ಕೆ ಎದ್ದಳು ಎಂಬ ಹೊಗಳಿಕೆ ಬೇರೆ.

ಅವಳ ಮೆದುಳು ಶಾಲೆಯ ಲೆಕ್ಕದಲ್ಲಿ ಎಷ್ಟು ದಡ್ಡನೋ ಇದರಲ್ಲಿ ಅಷ್ಟೇ ಜಾಣ. ಒಂದೇ ಪಾಠಕ್ಕೆ ಕಲಿತುಬಿಟ್ಟಿತು. ಮೇಜು ಕಂಡರೆ ತಟ್ಟೆ ಹಿಡಿ, ತಟ್ಟೆ ಹಿಡಿದರೆ ಬಚಾವು. ಮೊದಲು ಮೇಜಿನ ಊಟ ತಪ್ಪಿತು. ಆಮೇಲೆ ಕರಿದದ್ದು, ಆಮೇಲೆ ಮಾಂಸ, ಅದರ ಹಿಂದೆಯೇ ಅನ್ನ. ಕೊನೆಗೆ ಪಕ್ಕದ ಮನೆಯವರು ಒಂದು ಲೋಟ ಹಾಲುಚಹಾ ಕೊಟ್ಟರೂ, ಸ್ಕೂಟರ್ ಸ್ಟ್ಯಾಂಡ್ ಹಾಕಿಲ್ಲ ಎಂದು ಎದ್ದು ಓಡುವ ಮಟ್ಟಕ್ಕೆ ಬಂತು. ಪ್ರತಿ ಸಲ ತಪ್ಪಿಸಿಕೊಂಡಾಗಲೂ ಆ ಸಿಹಿ ಬರುತ್ತಿತ್ತು, ಆದರೆ ಹಿಂದಿನ ಸಲಕ್ಕಿಂತ ಬೇಗ ಕರಗುತ್ತಿತ್ತು. ತಿನ್ನದೆ ಇರುವುದು ಅವಳಿಗೆ ಹಟವೂ ಆಗಿರಲಿಲ್ಲ, ವ್ರತವೂ ಆಗಿರಲಿಲ್ಲ. ಮಳೆ ಬಂದರೆ ಸೂರಿನ ಕೆಳಗೆ ಸರಿಯುವ ಹಾಗೆ ಕಾಲು ತಾನಾಗಿ ಸರಿಯುತ್ತಿತ್ತು.

ವರ್ಷಗಳು ಹೋದವು. ಒಂದು ಗೃಹಪ್ರವೇಶದ ದಿನ ಆಯೆನ್ ಕೈತುಂಬ ತಟ್ಟೆಗಳೊಡನೆ ನಡುರಸ್ತೆಯಲ್ಲಿ ಕುಸಿದಳು. ಬಿದ್ದ ಪಿಂಗಾಣಿಯ ಸದ್ದು ತೈವಾನಿನ ಆ ತುದಿಗೆ ಕೇಳಿಸಿತೆಂದು ಇಂದಿಗೂ ಹೇಳುತ್ತಾರೆ. ಅವಳನ್ನು ಎತ್ತಿಕೊಂಡವಳು ಲಾನ್ ಅತ್ತೆ, ಮೇಸ್ತ್ರಿಯ ತಂಗಿ. ಪಾತ್ರೆ ತೊಳೆಯುವ ಹೆಂಗಸರಿಗೆಲ್ಲ ಯಜಮಾನಿ ಅವಳು. ಹುಟ್ಟಿದಾಗಿನಿಂದ ಅಡಿಕೆ ಜಗಿಯುತ್ತಿದ್ದಾಳೆ, ಮೊದಲ ಹಲ್ಲೇ ಕೆಂಪಗೆ ಬಂತು ಎಂದು ಅವಳ ಖ್ಯಾತಿ. ಎತ್ತಿದಾಗ ಅತ್ತೆಗೆ ಗಾಬರಿಯಾದದ್ದು ಅಣ್ಣನ ಮಗಳು ಬಿದ್ದದ್ದಕ್ಕಲ್ಲ, ಎತ್ತುವಾಗ ಏನೂ ಭಾರ ಸಿಗದೆ ಹೋದದ್ದಕ್ಕೆ.

"ಏನೇ ಇದು? ಖಾಲಿ ಹಬೆಬುಟ್ಟಿ ಎತ್ತಿದ ಹಾಗಾಯ್ತಲ್ಲೇ," ಅಂದಳು.

ಕಾವ್‌ಶ್ಯುಂಗಿನ ಆಸ್ಪತ್ರೆಯಲ್ಲಿ ಮೊದಲು ರಕ್ತ, ಎದೆ, ಮೂಳೆ ಎಲ್ಲವನ್ನೂ ನೋಡಿದರು. ನಿಂತುಹೋದ ಮುಟ್ಟಿನ ವಿಷಯ ಕೇಳಿದರು. ಹೃದಯದ ಬಡಿತ ನೆಟ್ಟಗಾಗುವವರೆಗೆ ಮಲಗಿಸಿಕೊಂಡು, ಆಮೇಲೆ ಫಾಂಗ್ ಎಂಬ ಮನೋವೈದ್ಯೆಯ ಹತ್ತಿರ ಕಳಿಸಿದರು. ಡಾಕ್ಟರ್ ಫಾಂಗ್ ಸಣ್ಣ ಹೆಂಗಸು, ಮಾತೂ ಸಣ್ಣದು. ಅವಳು ಆಯೆನ್ನಿಗೆ ಬುದ್ಧಿ ಹೇಳಲಿಲ್ಲ, ತಟ್ಟೆಯನ್ನೂ ಮುಂದಿಡಲಿಲ್ಲ. ಒಂದು ಆಟ ಆಡಿಸಿದಳು.

ಕಂಪ್ಯೂಟರಿನ ಪರದೆಯ ಮೇಲೆ ಒಮ್ಮೆ ನೀಲಿ ಚೌಕ ಬರುತ್ತಿತ್ತು, ಒಮ್ಮೆ ಹಳದಿ ವೃತ್ತ. ಚೌಕ ಬಂದರೆ ಏನೂ ಇಲ್ಲ. ವೃತ್ತ ಬಂದರೆ ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಬಾಣಲೆಯ ತಳವನ್ನು ಮೊಳೆಯಿಂದ ಕೆರೆದಂಥ ಸದ್ದು. ಅದನ್ನು ಕೇಳಿದರೆ ಸತ್ತವರೂ ಗೋರಿಯಿಂದ ಎದ್ದು ಬೇರೆ ಗೋರಿ ಹುಡುಕಿಕೊಂಡು ಹೋಗಬೇಕು, ಅಂಥದ್ದು. ಆದರೆ ವೃತ್ತ ಕಂಡ ಕೂಡಲೇ ಒಂದು ಗುಂಡಿ ಒತ್ತಿದರೆ ಸದ್ದು ಬರುತ್ತಿರಲಿಲ್ಲ. ಒಂದೆರಡು ಸಲ ಅದನ್ನು ಕೇಳಿಸಿಕೊಂಡ ಮೇಲೆ ಆಯೆನ್ ಒತ್ತಿದಳು. ಅಲ್ಲಿಂದ ಆಟ ಮುಗಿಯುವವರೆಗೂ ಒಂದು ವೃತ್ತವನ್ನೂ ಬಿಡದೆ ಒತ್ತಿದಳು. ಮುಗಿದಾಗ ತಾನು ಆಟ ಗೆದ್ದೆನೆಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಒತ್ತದಿದ್ದರೆ ಸದ್ದು ಬರುವುದು ಎಷ್ಟು ಹೊತ್ತಿನವರೆಗೆ ಇತ್ತು ಎಂದು ಡಾಕ್ಟರ್ ಕೇಳಿದಳು. ಕೊನೆಯವರೆಗೂ ಇತ್ತು ಎಂದಳು ಆಯೆನ್.

"ಕೊನೆವರೆಗೂ ಇರ್ಲಿಲ್ಲ. ಅರ್ಧಕ್ಕೇ ನಾನು ಸದ್ದು ತೆಗೆದುಹಾಕಿದ್ದೆ. ಆಮೇಲೆ ನೀನು ಒತ್ತಿದ್ರೂ ಒತ್ತದೇ ಇದ್ರೂ ಏನೂ ಬರ್ತಿರ್ಲಿಲ್ಲ."

"ನಾನು ಒತ್ತಿದ್ದಕ್ಕೇ ಅಲ್ವಾ ಬರ್ಲಿಲ್ಲ?"

"ನಿನ್ನ ಮೆದುಳೂ ಹಾಗೇ ಅನ್ಕೊಂಡಿದೆ. ಒತ್ತಿದಾಗೆಲ್ಲ ‘ಬಚಾವಾದೆ’ ಅಂತ ತನಗೆ ತಾನೇ ಒಂದು ಮಿಠಾಯಿ ಕೊಟ್ಕೊಳ್ಳುತ್ತೆ. ಮಿಠಾಯಿ ಸಿಕ್ತಾ ಇದ್ರೆ ಕೈ ಯಾಕೆ ತೆಗೀತೀಯ? ಕೈ ತೆಗೀದೆ ಸದ್ದು ಹೋಗಿದೆ ಅಂತ ಗೊತ್ತಾಗೋದು ಹೇಗೆ?"

ಬೇರೆಯವರಲ್ಲಿ ಹೆಚ್ಚಿನವರು ಸ್ವಲ್ಪ ಹೊತ್ತಿಗೆ ಸೋಮಾರಿಗಳಾಗುತ್ತಾರೆ, ಒಂದೆರಡು ವೃತ್ತ ಬಿಡುತ್ತಾರೆ, ಏನೂ ಆಗದ್ದನ್ನು ಕಂಡು ಗುಂಡಿಯನ್ನೇ ಮರೆಯುತ್ತಾರೆ ಎಂದೂ ಡಾಕ್ಟರ್ ಹೇಳಿದಳು. ಆಯೆನ್ ಹುಟ್ಟಾ ಕೆಲಸಗಾತಿ. ಸೋಮಾರಿತನ ಅವಳಿಗೆ ಬರುತ್ತಿರಲಿಲ್ಲ.

ಅಂದಿನಿಂದ ಮನೆಯಲ್ಲಿ ಅತ್ತೆಯ ಕಾವಲಿನಲ್ಲಿ ಗಂಜಿ, ಮೊಟ್ಟೆ, ತೋಫು ಎಂದು ಹೊತ್ತುಹೊತ್ತಿಗೆ ಊಟ ಶುರುವಾಯಿತು. ಅದು ಔಷಧಿ. ಗೋಡೆಗೆ ಮುಖ ಮಾಡಿ, ಶಿಕ್ಷೆಗೆ ಕೂತವಳ ಹಾಗೆ ಕೂತು ಅಷ್ಟನ್ನೂ ನುಂಗುತ್ತಿದ್ದಳು. ಮೈಗೆ ಸ್ವಲ್ಪ ಭಾರ ಬಂತು, ಮುಖಕ್ಕೆ ಬಣ್ಣ ಬಂತು. ಆದರೆ ಅಪ್ಪನ ಅಡಿಗೆ, ಔತಣದ ಅಡಿಗೆ, ನಾಲ್ಕು ಜನರೆದುರು ಬಾಯಿ ತೆರೆಯುವುದು ಮಾತ್ರ ಹಾಗೇ ಉಳಿಯಿತು. ಟೆಂಟಿನ ಕೆಳಗೆ ಬಂದರೆ ಕೈ ತಟ್ಟೆಯನ್ನು ಹುಡುಕುತ್ತಿತ್ತು.

ಅಷ್ಟು ಹೊತ್ತಿಗೆ ಸರಿಯಾಗಿ ಫು ಮೇಸ್ತ್ರಿಯ ನಾಲಗೆ ಸತ್ತಿತು.

ಆ ನಾಲಗೆಯ ಬಗ್ಗೆ ಒಂದು ಮಾತು ಹೇಳಬೇಕು. ಸೀಗಡಿ ಬೆಳಗಿನ ಬಲೆಯದೋ ಸಂಜೆಯದೋ ಎಂದು ಅದು ಹೇಳುತ್ತಿತ್ತು. ಸೋಯಾ ಸಾಸಿನ ಒಂದು ತೊಟ್ಟು ಬಿದ್ದರೆ ಯಾವ ಭರಣಿ, ಅದನ್ನು ಮುಚ್ಚಿಟ್ಟವಳು ಅಂದು ಗಂಡನ ಜೊತೆ ಜಗಳವಾಡಿದ್ದಳೋ ಇಲ್ಲವೋ ಅನ್ನುವುದನ್ನೂ ಹೇಳುತ್ತಿತ್ತು. ಒಂದು ಕೆಟ್ಟ ಜ್ವರ ಬಂದು ಹೋದ ಮೇಲೆ ಆ ನಾಲಗೆಗೆ ಉಪ್ಪು ಸಕ್ಕರೆಗಳ ವ್ಯತ್ಯಾಸವೇ ಹತ್ತಲಿಲ್ಲ. ಮೇಸ್ತ್ರಿ ಯಾರಿಗೂ ಹೇಳಲಿಲ್ಲ. ಮೊದಲಿನಂತೆಯೇ ಸೌಟಿನಿಂದ ಹೀರಿ, ಕಣ್ಣು ಮುಚ್ಚಿ, ತಲೆದೂಗಿ ನಾಟಕ ಆಡಿದ. ಹಿರಿಯರೊಬ್ಬರ ಹುಟ್ಟುಹಬ್ಬದ ಔತಣದಲ್ಲಿ ಸಾರಿಗೆ ಬಿಳಿ ಮೆಣಸು ಎಷ್ಟು ಸುರಿದನೆಂದರೆ ಮುಖ್ಯ ಮೇಜಿನ ಮುದುಕರೆಲ್ಲ ಗಳಗಳ ಅತ್ತರು. ಹಿರಿಯರ ಮೇಲಿನ ಪ್ರೀತಿಗೆ ಕಣ್ಣೀರು ಬಂತೆಂದು ಊರಿನವರು ತಿಳಿದರು. ಮಕ್ಕಳೂ ಎದ್ದು ಬಂದು ತಬ್ಬಿಕೊಂಡು ಅತ್ತರು. ಆ ಮನೆಯ ಆಸ್ತಿ ಜಗಳ ಅವತ್ತೇ ಮುಗಿಯಿತು ಎಂಬ ಮಾತೂ ಇದೆ.

ತಟ್ಟೆ ಎತ್ತುವ ಆಯೆನ್ನಿಗೆ ಗೊತ್ತಾಯಿತು. ಸಾರಿನ ಬಟ್ಟಲುಗಳು ತುಂಬಿದ ಹಾಗೇ ಹಿಂದಿರುಗಿದ್ದವು. ಅಪ್ಪನ ಔತಣದಲ್ಲಿ ಅವಳು ಅಂಥದ್ದನ್ನು ಕಂಡಿರಲಿಲ್ಲ.

ಮಾರನೆಯ ದಿನ ಬಾಣಲೆ ಉಜ್ಜುತ್ತ ಕೂತಿದ್ದ ಅಪ್ಪನನ್ನು ಅವಳು ನೇರವಾಗಿ ಕೇಳಿದಳು. ಮೇಸ್ತ್ರಿ ಮೊದಲು ಗದರಿದ, ಆಮೇಲೆ ಹವೆಯ ಮೇಲೆ ತಪ್ಪು ಹೊರಿಸಿದ, ಆಮೇಲೆ ಮೆಣಸಿನ ಅಂಗಡಿಯವನನ್ನು ಬೈದ. ಕೊನೆಗೆ ಬಾಣಲೆ ಕೆಳಗಿಟ್ಟ.

"ಎಲ್ಲ ನೀರು ಕಣಮ್ಮ. ಉಪ್ಪು ಹಾಕಿದ್ರೂ ನೀರು, ಮೀನು ಹಾಕಿದ್ರೂ ನೀರು," ಅಂದ. "ಇನ್ನು ನಿನ್ನ ನಾಲಗೆ ಬೇಕು ನಂಗೆ. ನೀನು ರುಚಿ ನೋಡು, ನಾನು ಮಾಡ್ತೀನಿ. ಆಮೇಲೆ ನೀನೇ ಮಾಡುವೆಯಂತೆ. ಆಗಲ್ಲ ಅಂದ್ರೆ ಹೇಳ್ಬಿಡು, ಒಲೆಗಳನ್ನ ಬಿನ್‌ಗೆ ಕೊಟ್ಟುಬಿಡ್ತೀನಿ."

ಬಿನ್ ಎಂದರೆ ಮೇಸ್ತ್ರಿಯ ಕೈಕೆಳಗೆ ತರಕಾರಿ ಹೆಚ್ಚುವವನು. ಅವನ ಚಾಕು ಚುರುಕು. ನಾಲಗೆ ಮರದ್ದು, ಇನ್‌ಸ್ಟಂಟ್ ನೂಡಲ್ಸನ್ನೂ ಕೆಡಿಸಬಲ್ಲವನು ಎಂದು ಊರಿಗೆಲ್ಲ ಗೊತ್ತು.

ಆಯೆನ್ನಿಗೆ ಆ ಒಲೆಗಳು ಬೇಕಾಗಿದ್ದವು. ಹೊಟ್ಟೆಗೆ ಬೇಡವೆಂದದ್ದನ್ನೆಲ್ಲ ಅವಳು ಅಷ್ಟು ವರ್ಷ ಮೂಗಿನಲ್ಲಿ, ಕಿವಿಯಲ್ಲಿ ತುಂಬಿಕೊಂಡಿದ್ದಳು. ಎಣ್ಣೆಯ ಸದ್ದು ಕೇಳಿಯೇ ಬೆಳ್ಳುಳ್ಳಿ ಯಾವಾಗ ಕಂದಾಗುತ್ತದೆಂದು ಹೇಳುತ್ತಿದ್ದಳು. ಸರಿಯಾಗಿ ನೋಡಿದರೆ ಅವಳ ಹಗಲುಗನಸುಗಳೆಲ್ಲ ಅಡಿಗೆಯವೇ. ಅಪ್ಪನ ಹೆಸರಿನ ಬಾವುಟ ಕಟ್ಟಿದ ಆ ಲಾರಿಯ ಮೇಲೆ ಒಂದು ದಿನ ತನ್ನ ಹೆಸರು ಬರೆಸಬೇಕೆಂಬುದು ಅವಳ ಆಸೆ. ನಡುವೆ ಅಡ್ಡ ಇದ್ದದ್ದು ಒಂದು ಚಮಚ. ಆಗುತ್ತೆ ಅಂದಳು.

ಎದುರಿಗಿದ್ದದ್ದು ಲ್ಯಾವ್ ಯಜಮಾನನ ಮನೆಯ ಮದುವೆ. ಲ್ಯಾವ್ ಹಾವುಮೀನು ಸಾಕುವವನು. ಅವನ ಕೊಳಗಳ ಮೀನು ಸಾಲಾಗಿ ಮಲಗಿಸಿದರೆ ಜಪಾನಿಗೆ ಸೇತುವೆಯಾಗುತ್ತದೆಂದು ಅವನೇ ಹೇಳಿಕೊಳ್ಳುತ್ತಾನೆ, ಕೇಳಿದವರು ಅರ್ಧ ಕಡಿದು ನಂಬುತ್ತಾರೆ. ಮೇಜುಗಳು ಅವನ ಅಂಗಳದಿಂದ ಶುರುವಾಗಿ ಸೇತುವೆ ದಾಟಿ ಪ್ರೈಮರಿ ಶಾಲೆಯ ಗೇಟಿಗೆ ಮುಟ್ಟುತ್ತವೆಂದು ನಿಗದಿಯಾಗಿತ್ತು.

ಮನೆಯ ಅಡಿಗೆಕೋಣೆಯಲ್ಲಿ ತಾಲೀಮು ನಡೆಯಿತು. ಅಪ್ಪ ಒಂದೊಂದೇ ಸಾರು ಮಾಡಿ ಮುಂದಿಡುವನು. ಮೊದಮೊದಲು ಆಯೆನ್ ಮೂಸಿ ನೋಡಿ, ಉಪ್ಪು ಸರಿ ಎಂದಳು. ಉಪ್ಪಿಗೆ ವಾಸನೆ ಇಲ್ಲವೆಂದು ಅತ್ತೆ ಹಿಂದಿನಿಂದ ಗೊಣಗಿದಳು. ಆಮೇಲೆ ಒಂದು ಉಪಾಯ ಸಿಕ್ಕಿತು. ಚಮಚ ಬಾಯಿಗಿಟ್ಟು, ನಾಲಗೆ ತೇವ ಮಾಡಿಕೊಂಡು, ಸಿಂಕಿಗೆ ಉಗಿಯುವುದು. ರುಚಿಯೂ ತಿಳಿಯಿತು, ಎದೆಯೂ ಹಗುರವಾಯಿತು. ಅವಳು ಹೇಳಿದ ಉಪ್ಪು ಹುಳಿ ಕರಾರುವಾಕ್ಕಾಗಿತ್ತು. ಅಪ್ಪನಿಗೆ ಹಿಗ್ಗೋ ಹಿಗ್ಗು. ನನ್ನ ನಾಲಗೆ ಎಲ್ಲೂ ಹೋಗಿಲ್ಲ, ಮಗಳ ಬಾಯಿಗೆ ಜಿಗಿದಿದೆ ಎಂದು ತರಕಾರಿ ಮಾರುಕಟ್ಟೆಯಲ್ಲೆಲ್ಲ ಸಾರಿದ.

ಡಾಕ್ಟರ್ ಫಾಂಗ್ ಹಿಗ್ಗಲಿಲ್ಲ. ಉಗಿಯದೇ ಹೋದರೆ ಏನಾಗುತ್ತದೆ ಎಂದು ಕೇಳಿದಳು. ಏನೋ ಆಗುತ್ತದೆ ಎಂದಳು ಆಯೆನ್. ಇದೂ ಒಂದು ಗುಂಡಿ, ಜಾಗ ಬದಲಾಯಿಸಿದೆ ಅಷ್ಟೇ, ಎಂದಳು ಡಾಕ್ಟರ್. ನುಂಗಬೇಕು, ನುಂಗಿದ ಮೇಲೆ ಅಲ್ಲೇ ನಿಲ್ಲಬೇಕು, ಭಯ ಎಷ್ಟು ಎತ್ತರಕ್ಕೆ ಏರುತ್ತದೋ ಏರಲಿ, ಯಾವ ತಟ್ಟೆಯನ್ನೂ ಹಿಡಿಯದೆ ಅದನ್ನು ನೋಡುತ್ತ ನಿಲ್ಲಬೇಕು. ಹೆದರಿಕೆ ಹೋಗುತ್ತದೆಂದು ಆಸೆಪಡಬೇಡ, ಹೆದರಿದ್ದು ಆಗುತ್ತದೋ ಇಲ್ಲವೋ ಅದನ್ನಷ್ಟೇ ನೋಡು. ಮೆದುಳು ಹಳೆಯ ಪಾಠವನ್ನು ಅಳಿಸುವುದಿಲ್ಲ, ಪಕ್ಕದಲ್ಲಿ ಹೊಸದೊಂದನ್ನು ಬರೆದುಕೊಳ್ಳುತ್ತದೆ, ಅದೂ ಬಹಳ ಮೊಂಡುತನ ಮಾಡಿ. ಮದುವೆಯ ಔತಣ ಇದಕ್ಕೆ ಬಹಳ ದೊಡ್ಡ ಪರೀಕ್ಷೆ, ಇನ್ನೂ ಸ್ವಲ್ಪ ಕಾಲ ಬೇಕು ಎಂದೂ ಹೇಳಿದಳು. ಆಯೆನ್ ಕೇಳಿಸಿಕೊಂಡಳು. ಪಂಚಾಂಗ ನೋಡಿ ಇಟ್ಟ ಮುಹೂರ್ತ ಅವಳಿಗಾಗಿ ಮುಂದಕ್ಕೆ ಹೋಗುವಂತಿರಲಿಲ್ಲ.

ಮದುವೆಯ ದಿನ ಬೆಳಗಿನಿಂದಲೇ ಒಲೆಗಳು ಗರ್ಜಿಸುತ್ತಿದ್ದವು. ಗ್ಯಾಸಿನ ಬೆಂಕಿಯ ಸದ್ದಿಗೆ ಬೆಟ್ಟದ ಮೇಲಿನ ಲಿಚಿ ಹಣ್ಣುಗಳು ತಾವಾಗಿ ಉದುರಿದವು. ಎಲ್ಲಕ್ಕಿಂತ ದೊಡ್ಡ ಹಂಡೆಯಲ್ಲಿ ಹಂದಿಮಾಂಸ, ಕೆಸುವಿನ ಗಡ್ಡೆ, ಅಣಬೆ, ಒಣಸಿಂಪಿಗಳ ಸಾರು ಕುದಿಯುತ್ತಿತ್ತು. ಬುದ್ಧನೇ ಗೋಡೆ ಹಾರಿ ಬರುವಂಥದ್ದು ಎಂದು ಅದಕ್ಕೆ ಹೆಸರು. ಮೇಸ್ತ್ರಿಯ ಸಾರಿಗೆ ಬುದ್ಧ ಗೋಡೆ ಒಡೆದುಕೊಂಡೇ ಬರುತ್ತಿದ್ದ. ಮೇಸ್ತ್ರಿ ಚಮಚದಲ್ಲಿ ಸಾರು ತೆಗೆದು ಮಗಳ ಮುಂದೆ ಹಿಡಿದ. ಹೆಂಗಸರು ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ ಕಣ್ಣಂಚಿನಲ್ಲಿ ನೋಡಿದರು.

ಆಯೆನ್ ಚಮಚ ಬಾಯಿಗಿಟ್ಟಳು. ಉಗಿಯಲು ಸಿಂಕಿರಲಿಲ್ಲ, ಚರಂಡಿ ಇತ್ತು, ಹತ್ತಿರದಲ್ಲೇ ಇತ್ತು. ಅವಳ ಕಾಲು ಅತ್ತ ಒಂದು ಹೆಜ್ಜೆ ಇಟ್ಟೂ ಇಟ್ಟಿತು. ಅಲ್ಲೇ ನಿಂತು ನುಂಗಿದಳು.

ಡೋಲು ಶುರುವಾಯಿತು. ಬಿಸಿ ಕತ್ತಿಗೇರಿತು. ಬೀದಿಯ ಅಷ್ಟೂ ಮೇಜುಗಳು ತಿರುಗಿ ನೋಡಿದ ಹಾಗಾಯಿತು, ಮೇಜುಗಳ ಮುಂದೆ ಇನ್ನೂ ಯಾರೂ ಕೂತಿರಲಿಲ್ಲ. ಪಕ್ಕದಲ್ಲಿ ತಟ್ಟೆಗಳ ರಾಶಿ ಇತ್ತು, ಕೈ ಅದರ ಕಡೆ ಹೋಯಿತು. ಅವಳು ಆ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಳು. ಹೆದರಿಕೆ ಬೆಟ್ಟದಷ್ಟು ಏರಿತು, ಬೆಟ್ಟ ದಾಟಿ ಏರಿತು. ಸಾರು ಕುದಿಯುತ್ತಲೇ ಇತ್ತು. ಲಾನ್ ಅತ್ತೆ ಯಾರನ್ನೋ ಬೈಯುತ್ತಲೇ ಇದ್ದಳು. ಆಗಬೇಕಾದ್ದು ಏನೂ ಆಗಲಿಲ್ಲ.

"ಉಪ್ಪು ಸರಿ ಇದೆ. ಅಕ್ಕಿಯ ಮದ್ಯ ಇನ್ನೊಂದು ಸುತ್ತು ಬೇಕು," ಅಂದಳು. ಧ್ವನಿ ಸ್ವಲ್ಪ ಬಿರುಕು ಬಿಟ್ಟಿತ್ತು.

ಮೇಸ್ತ್ರಿ ಮದ್ಯ ಸುರಿದ. ಎರಡನೆಯ ಹಂಡೆಗೆ ಡೋಲು ಮತ್ತೆ ಬಂತು, ಅಷ್ಟೇ ಜೋರಾಗಿ. ಮೂರನೆಯದಕ್ಕೂ ಬಂತು. ಕಲಿತದ್ದನ್ನು ಬಿಡುವುದು ಅವಳ ಮೆದುಳಿಗೆ ಇಷ್ಟವಿರಲಿಲ್ಲ. ಆದರೆ ಹಾಲಿನ ಬಣ್ಣದ ಕಪ್ಪುಕೋಳಿ ಸಾರಿನ ಹೊತ್ತಿಗೆ ಆಯೆನ್ ಒಂದು ಸಂಗತಿ ಗಮನಿಸಿದಳು. ನಾಲಗೆಯ ಮೇಲೆ ಏನಿದೆ ಎಂದು ನೋಡುವ ಕೆಲಸದಲ್ಲಿ, ಡೋಲು ಹೊಡೆಯುತ್ತಿದೆಯೇ ಎಂದು ಕೇಳುವುದನ್ನು ಮರೆತಿದ್ದಳು.

ಅತಿಥಿಗಳು ಬಂದರು, ಪಟಾಕಿ ಹಾರಿತು, ವೇದಿಕೆಯ ಮೇಲೆ ಹಾಡುವವಳು ಗಂಟಲು ಸರಿಮಾಡಿಕೊಂಡಳು. ಮೇಸ್ತ್ರಿಯ ಮಗಳು ಇವತ್ತು ಒಲೆಯ ಮುಂದೆ ನಿಂತಿದ್ದಾಳಂತೆ ಎಂಬ ಸುದ್ದಿ ಮೇಜಿನಿಂದ ಮೇಜಿಗೆ ಹಾರಿತು. ಹಬೆಯಲ್ಲಿ ಬೆಂದ ಮೀನುಗಳನ್ನು ಹೊರತೆಗೆದು, ಮೇಲೆ ಸುರಿಯುವ ಸೋಯಾ ರಸವನ್ನು ಆಯೆನ್ ಚಮಚದಲ್ಲಿ ತೆಗೆದು ತುಟಿಗೆ ತರುವ ಹೊತ್ತಿಗೆ ಸರಿಯಾಗಿ, ಮದುಮಗನ ಗೆಳೆಯರ ಒಂದು ಗುಂಪು ಟೆಂಟಿನ ಹಿಂಬದಿಗೆ ನುಗ್ಗಿತು. ಒಬ್ಬ ಫೋನೆತ್ತಿ ಅವಳ ಬಾಯಿಯ ಹತ್ತಿರ ಹಿಡಿದ. ಅಕ್ಕಾ, ಹಾಗೇ ಇರಿ, ಬಾಯಿ ಸ್ವಲ್ಪ ತೆಗೀರಿ ಅಂದ.

ಅವಳ ಕೈ ತನ್ನಷ್ಟಕ್ಕೆ ತಿರುಗಿ, ಪಕ್ಕದಲ್ಲಿದ್ದ ಲಾನ್ ಅತ್ತೆಯ ಬಾಯಿಗೆ ಚಮಚ ಇಟ್ಟಿತು. ಎಷ್ಟು ಬೇಗವೆಂದರೆ ಅತ್ತೆಗೆ ಬಾಯಿಯ ಅಡಿಕೆ ಉಗಿಯಲೂ ಸಮಯ ಸಿಗಲಿಲ್ಲ. ಸುಣ್ಣದಿಂದ ಬೆಂದು ಚರ್ಮದ ಚೀಲವಾದ ಆ ಬಾಯಿಯಲ್ಲಿ ರಸ ಇಳಿದುಹೋಯಿತು. ಚೆನ್ನಾಗಿದೆ, ಬೇಕಿದ್ರೆ ಇನ್ನೂ ಸ್ವಲ್ಪ ಉಪ್ಪು ಹಾಕು ಅಂದಳು ಅತ್ತೆ. ಆಯೆನ್ ಹಾಕಿದಳು. ಎದೆಯಲ್ಲಿ ಹಳೆಯ ನಿರಾಳ ಬಂತು, ಮೊದಲಿನಷ್ಟೇ ಸಿಹಿ. ಮೀನು ಮೇಜುಗಳಿಗೆ ಹೋಯಿತು.

ಹೋದದ್ದು ಹಾಗೇ ತಿರುಗಿ ಬಂತು. ಮುಖ್ಯ ಮೇಜಿನಲ್ಲಿ ಮದುಮಗಳ ಅಜ್ಜ ಒಂದು ತುತ್ತಿಗೆ ಒಂದು ಬಾಟಲಿ ಸಾರ್ಸಪರಿಲ್ಲಾ ಸೋಡಾ ಕುಡಿದನಂತೆ. ಸೇತುವೆಯ ಮೇಲಿನ ಮೇಜಿನವರು ಮೀನನ್ನು ಹೊಳೆಗೆ ಇಳಿಸಿ ತೊಳೆಯುವ ಮಾತಾಡಿದರಂತೆ. ಮೇಸ್ತ್ರಿಗೆ ನಾಲಗೆ ಇರಲಿಲ್ಲ, ಕಣ್ಣಿತ್ತು. ತುಂಬಿ ಬಂದ ತಟ್ಟೆಗಳನ್ನು ನೋಡಿದ, ಮಗಳನ್ನು ನೋಡಿದ. ಮುಂದಿನ ಹಂಡೆಯ ಮುಚ್ಚಳ ತೆಗೆದು ಚಮಚ ಮುಂದೆ ಹಿಡಿದ.

ಫೋನಿನವರು ಇನ್ನೂ ಅಲ್ಲೇ ಇದ್ದರು. ಆಯೆನ್ ಚಮಚ ತೆಗೆದುಕೊಂಡಳು, ಅವರ ಕಡೆ ತಿರುಗಿ ನಿಂತೇ ಬಾಯಿಗಿಟ್ಟಳು, ನುಂಗಿದಳು. ಡೋಲು ಬಾರಿಸಿತು. ಬಾರಿಸುತ್ತಿರುವಾಗಲೇ, ಶುಂಠಿ ಜಾಸ್ತಿಯಾಗಿದೆ, ಎರಡು ಸೌಟು ನೀರು ಬೇಕು ಅಂದಳು. ಅಲ್ಲಿಂದ ಸಿಹಿಯವರೆಗೂ ಒಂದು ಹಂಡೆಯನ್ನೂ ಬಿಡಲಿಲ್ಲ.

ಕೊನೆಯ ಮೇಜಿಗೆ ಸಿಹಿ ಹೋಯಿತು. ಅತಿಥಿಗಳು ಕವರು ಕಟ್ಟಿಸಿಕೊಳ್ಳತೊಡಗಿದರು. ಉಳಿಕೆ ಸಾರಿನ ಹಂಡೆಯ ಸುತ್ತ ಹೆಂಗಸರು ಬಕೆಟ್ಟು ಬೋರಲು ಹಾಕಿಕೊಂಡು ಕೂತರು. ಮೇಜುಬಟ್ಟೆಗಳನ್ನು ಇನ್ನೂ ಯಾರೂ ಕೊಡವಿರಲಿಲ್ಲ. ಆಯೆನ್ ಅವುಗಳ ಕಡೆ ಒಮ್ಮೆ ನೋಡಿದಳು. ಆಮೇಲೆ ತಾನೂ ಒಂದು ಬಕೆಟ್ಟು ಬೋರಲು ಹಾಕಿಕೊಂಡು ಕೂತಳು. ಯಾರೋ ಬಟ್ಟಲು ತುಂಬಿ ಕೊಟ್ಟರು. ನೋಡದವರ ಹಾಗೆ ಇರುವುದು ಹೇಗೆಂದು ಎಲ್ಲರಿಗೂ ಗೊತ್ತಿತ್ತು, ಲಾನ್ ಅತ್ತೆಗೆ ಮಾತ್ರ ಗೊತ್ತಿರಲಿಲ್ಲ.

"ನೋಡ್ರೇ, ನಮ್ಮ ರಾಣಿಯಮ್ಮ ಸಿಂಹಾಸನ ಏರಿದಾಳೆ," ಅಂದಳು. "ನಿಧಾನಕ್ಕೆ ತಿನ್ನು. ಮೀನು ಮಾತ್ರ ಬಿಟ್ಟು ತಿನ್ನು, ಅದಕ್ಕೆ ಉಪ್ಪು ಹಾಕ್ಸಿದವಳಿಗೆ ಬುದ್ಧಿ ಇಲ್ಲ."

ಮೀನಿನ ವಿಷಯವನ್ನೇ ಹಿಡಿದುಕೊಂಡು ಲ್ಯಾವ್ ಯಜಮಾನ ಅಷ್ಟರಲ್ಲಿ ಟೆಂಟಿನ ಹಿಂದಕ್ಕೆ ಬಂದ. ಮುಖ ಕುಡಿದ ಕೆಂಪು, ಸಿಟ್ಟಿನ ಕೆಂಪು ಎರಡೂ ಸೇರಿ ಮದುವೆಯ ಲಾಂದ್ರದ ಹಾಗಿತ್ತು. ತನ್ನ ಬೀಗರು ಇನ್ನು ಒಂದು ವಾರ ನೀರು ಕುಡಿಯುತ್ತಲೇ ಇರುತ್ತಾರೆಂದೂ, ಇಂಥ ಮೀನನ್ನು ಮಾಡಿದವರು ಯಾರೆಂದು ತನಗೆ ತಿಳಿಯಬೇಕೆಂದೂ ಹೇಳಿದ. ಮೇಸ್ತ್ರಿ ಎದ್ದು ನಿಂತು ಎದೆ ಉಬ್ಬಿಸಿದ. ಸಮುದ್ರದ ಮೀನಿಗೆ ಸಮುದ್ರದಷ್ಟು ಉಪ್ಪು ಇರದೆ ಇನ್ನೆಷ್ಟು ಇರಬೇಕೆಂದು ಕೇಳಲು ಬಾಯಿ ತೆರೆದ.

ಆಯೆನ್ ಕೈಯೆತ್ತಿ ಇಬ್ಬರನ್ನೂ ತಡೆದಳು. ಬಾಯಿ ತುಂಬ ಇತ್ತು. ಹಂದಿಯ ಸ್ನಾಯುವಿನ ಒಂದು ತುಂಡು ಅವಳ ಹಲ್ಲುಗಳ ನಡುವೆ ಸಿಕ್ಕಿ ಸುಲಭವಾಗಿ ಬಗ್ಗಲಿಲ್ಲ. ನೇಮೆನ್ನಿನ ಅತಿ ದೊಡ್ಡ ಯಜಮಾನ ಕೆಂಪು ಮುಖ ಹೊತ್ತು ನಿಂತಿದ್ದ. ಅವಳು ಅಗಿದಳು, ಮತ್ತೂ ಅಗಿದಳು. ನುಂಗಿದ ಮೇಲೆ ಬಟ್ಟಲು ಮಡಿಲಲ್ಲಿಟ್ಟುಕೊಂಡಳು.

"ಮೀನಿನ ರಸ ನಾನು ರುಚಿ ನೋಡ್ಲಿಲ್ಲ ಯಜಮಾನ್ರೇ. ನೋಡಬೇಕಾಗಿತ್ತು. ತಪ್ಪು ನಂದು, ಅಪ್ಪಂದಲ್ಲ," ಅಂದಳು.

ಲ್ಯಾವ್ ಅವಳನ್ನು ನೋಡಿದ. ಬೈಯಲು ಇಟ್ಟುಕೊಂಡು ಬಂದ ಮಾತುಗಳು ಬಾಯಲ್ಲೇ ಉಳಿದವು, ಏಕೆಂದರೆ ನೇಮೆನ್ನಿನ ಬಾಣಸಿಗರು ತಪ್ಪೊಪ್ಪಿದ್ದನ್ನು ಅವನ ತಾತನ ಕಾಲದಿಂದ ಯಾರೂ ಕೇಳಿರಲಿಲ್ಲ. ಉಳಿದದ್ದು ಚೆನ್ನಾಗಿತ್ತು, ಆ ದೊಡ್ಡ ಸಾರಂತೂ ಬಹಳ ಚೆನ್ನಾಗಿತ್ತು ಎಂದು ಗೊಣಗಿದ. ಅದರ ರುಚಿ ಯಾರು ನೋಡಿದ್ದು ಎಂದು ಕೇಳಿದ. ಮೇಸ್ತ್ರಿ ಗದ್ದದಿಂದ ಮಗಳನ್ನು ತೋರಿಸಿದ. ಹಾಗಾದರೆ ಚಳಿಗಾಲದಲ್ಲಿ ಎರಡನೆಯ ಮಗನ ಮದುವೆ ಇದೆ, ಅದರ ತಿನಿಸುಗಳ ಮಾತು ಯಾರ ಹತ್ತಿರ ಆಡಬೇಕು ಎಂದ ಲ್ಯಾವ್. ಮೇಸ್ತ್ರಿ ಮತ್ತೆ ಅದೇ ಕಡೆಗೆ ಗದ್ದ ಎತ್ತಿದ.

ಆಯೆನ್ ಉತ್ತರ ಕೊಡಬಹುದಾಗಿತ್ತು. ಆದರೆ ಅಷ್ಟರಲ್ಲಿ ಕೆಸುವಿನ ಗಡ್ಡೆಯ ದೊಡ್ಡದೊಂದು ಹೋಳು ಬಾಯಿಗೆ ಇಟ್ಟಾಗಿತ್ತು. ಲ್ಯಾವ್ ಯಜಮಾನ ಒಂದು ಕೆಂಪು ಸ್ಟೂಲು ಎಳೆದುಕೊಂಡು ಕೂತು, ಕಾಯತೊಡಗಿದ.